ಆಕ್ಸಿರಿಂಕಸ್ ಪಪೈರಸ್ 413: ಗ್ರೀಕ್ ಪ್ರಹಸನ ಮತ್ತು ಅದರೊಳಗಿನ ‘ಕನ್ನಡ’

ಈಜಿಪ್ಟಿನ ಮರಳಿನಡಿ ಸಿಕ್ಕಿದ, ಕ್ರಿ.ಶ. ಎರಡನೆಯ ಶತಮಾನದ್ದೆನ್ನಲಾದ ಗ್ರೀಕ್ ಪ್ರಹಸನವೊಂದರ ಹಸ್ತಪ್ರತಿಗೆ ವಿದ್ವಾಂಸರು ಕೊಟ್ಟ ಕ್ರಮಸಂಖ್ಯೆ 413. ನಾಯಕಿಯ ಹೆಸರು ಖರಿತಿಯೋನ್. ಇಂಗ್ಲಿಷಿನ ದಾರಿಯಲ್ಲಿ ಬಂದ ‘ಚಾರಿಷನ್’ ಎಂಬ ರೂಪ ಕನ್ನಡ ಬರಹಗಳಲ್ಲಿ ಹೆಚ್ಚು ಕಾಣುತ್ತದೆ. ಕಥೆ ನಡೆಯುವುದು ಭಾರತದ ಯಾವುದೋ ಕಡಲಂಚಿನಲ್ಲಿ. ಅಲ್ಲಿಯ ಅರಸನೂ ಅವನ ಪರಿವಾರವೂ ಆಡುವ ಮಾತು ಗ್ರೀಕ್ ಅಲ್ಲ, ಆದರೆ ಬರೆದಿರುವುದು ಗ್ರೀಕ್ ಅಕ್ಷರಗಳಲ್ಲಿ. ಆ ಮಾತು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸರೊಬ್ಬರು ಸೂಚಿಸಿದರು. ಅಲ್ಲಿಂದ ಮುಂದೆ ಮಲ್ಪೆ, ಉದ್ಯಾವರ, ಕಾಪುಗಳ ಕರಾವಳಿಯ ಚರಿತ್ರೆ ಬರೆಯುವವರಾರೂ ಈ ಪಪೈರಸ್ಸನ್ನು ಬಿಟ್ಟು ಮುಂದೆ ಹೋಗುವುದು ಕಷ್ಟವಾಯಿತು. ಕನ್ನಡದ ಅತ್ಯಂತ ಹಳೆಯ ವಾಕ್ಯ ಇಲ್ಲಿದೆ ಎನ್ನುವವರಿದ್ದಾರೆ. ಅದು ಬರೀ ವಿದೂಷಕನಾಟದ ಬಡಬಡಿಕೆ ಎನ್ನುವವರೂ ಇದ್ದಾರೆ. ಈ ಜಗಳ ತೀರ್ಮಾನವಾಗಬೇಕಾದ ಜಾಗ ಅಭಿಮಾನವಲ್ಲ, ವ್ಯಾಕರಣ. ಪ್ರತ್ಯಯ ಪ್ರತ್ಯಯವಾಗಿ ನೋಡಿದರೆ ಎರಡೂ ಕಡೆಯವರು ಹೇಳುವುದಕ್ಕಿಂತ ಸಂಗತಿ ಹೆಚ್ಚು ಸ್ವಾರಸ್ಯವಾಗಿದೆ.

ಹಸ್ತಪ್ರತಿ ಸಿಕ್ಕಿದ ಊರು ಕೈರೋದಿಂದ ಸುಮಾರು 160 ಕಿಲೋಮೀಟರ್ ದಕ್ಷಿಣಕ್ಕಿರುವ ಇಂದಿನ ಅಲ್-ಬಹ್ನಸಾ. ಗ್ರೀಕರು ಅದನ್ನು ಆಕ್ಸಿರಿಂಕಸ್ ಎಂದು ಕರೆದರು. ಚೂಪು ಮೂತಿಯ ಮೀನೆಂದು ಅದರ ಅರ್ಥ. ಆ ಮೀನು ಅಲ್ಲಿ ಪೂಜೆಗೊಳ್ಳುತ್ತಿತ್ತು. ಈಜಿಪ್ಟಿನವರದೇ ಹೆಸರು ಪೆರ್-ಮೆಜೆದ್. ಇದರ ಮೊದಲ ಪದವಾದ ‘ಪೆರ್’ ಪ್ರಾಚೀನ ಈಜಿಪ್ಟ್ ಭಾಷೆಯ ತೀರ ಬಳಕೆಯ ಪದಗಳಲ್ಲೊಂದು. ಆ ಲಿಪಿಯಲ್ಲಿ ಸ್ವರಗಳನ್ನು ಬರೆಯುವ ಪದ್ಧತಿಯೇ ಇಲ್ಲದ್ದರಿಂದ ನಮಗೆ ಖಚಿತವಾಗಿ ಸಿಗುವುದು ‘ಪ್’ ಮತ್ತು ‘ರ್’ ಎಂಬ ಎರಡು ವ್ಯಂಜನ ಮಾತ್ರ. ನಡುವಿನ ‘ಎ’ಕಾರ ಇಂದಿನವರು ಉಚ್ಚಾರದ ಅನುಕೂಲಕ್ಕೆ ಸೇರಿಸಿಕೊಂಡದ್ದು. ಬಾಗಿಲು ಬಿಟ್ಟ ಚೌಕಟ್ಟಿನಂಥ ಮನೆಯ ನಕ್ಷೆಯೇ ಅದರ ಚಿಹ್ನೆ. ಅದರ ಜೊತೆ ಒಂದು ಗೀಟು ಎಳೆದರೆ ಮನೆ. ಬಾಯಿಯ ಚಿಹ್ನೆ ಮತ್ತು ನಡೆಯುವ ಕಾಲುಗಳ ಚಿಹ್ನೆ ಸೇರಿಸಿದರೆ ಅದೇ ಚೌಕಟ್ಟು ‘ಹೊರಡು’ ಎಂಬ ಬೇರೆಯೇ ಧಾತು. ಆ ಧಾತುವಿಗೆ ಸ್ತ್ರೀಲಿಂಗದ ‘ತ್’ ಪ್ರತ್ಯಯ ಹತ್ತಿದಾಗ ‘ಪೆರೆತ್’, ಅಂದರೆ ನೆರೆ ಇಳಿದು ಪೈರು ಹೊರಡುವ ಋತು. ಮನೆ ಎಂಬರ್ಥದ ಪದಕ್ಕೆ ಏಕವಚನ, ದ್ವಿವಚನ, ಬಹುವಚನ ಮೂರೂ ಇವೆ. ದೇವರ ಹೆಸರಿನ ಹಿಂದೆ ಬಂದರೆ ಗುಡಿ, ಒಡೆಯನ ಹೆಸರಿನ ಹಿಂದೆ ಬಂದರೆ ಆಸ್ತಿ, ಮನೆತನ. ‘ಪೆರ್-ಆ’ ಅಂದರೆ ದೊಡ್ಡಮನೆ, ಅರಮನೆ. ಕಾಲಕ್ರಮದಲ್ಲಿ ಅದು ಅರಮನೆಯೊಳಗಿದ್ದವನಿಗೇ ಅಂಟಿಕೊಂಡು, ಹೀಬ್ರೂ ಮತ್ತು ಗ್ರೀಕ್ ದಾಟಿ, ಫೇರೋ ಎಂದು ನಮಗೆ ಬಂತು. ಪೆರ್-ಮೆಜೆದ್ ಕೂಡ ಮುಂದೆ ಕಾಪ್ಟಿಕ್ ಭಾಷೆಯಲ್ಲಿ ರಕಾರ ಕಳೆದುಕೊಂಡು ‘ಪೆಮ್ಜೆ’ ಆಯಿತು.

ಇಷ್ಟು ಹೇಳಿದ್ದು ಸುಮ್ಮನೆ ಅಲ್ಲ. ಎರಡೇ ವ್ಯಂಜನದ ಈ ಪದದ ಅರ್ಥವನ್ನು ಅಷ್ಟು ಧೈರ್ಯವಾಗಿ ಹೇಳಲು ಸಾಧ್ಯವಾಗುವುದು ಅದು ಸಾವಿರಾರು ಕಡೆ, ಬೇರೆ ಬೇರೆ ಪ್ರತ್ಯಯಗಳ ಜೊತೆ, ಬೇರೆ ಬೇರೆ ವಾಕ್ಯಗಳಲ್ಲಿ ಸಿಗುವುದರಿಂದ. ಪಪೈರಸ್ 413ರ ‘ಭಾರತೀಯ’ ಪದಗಳಿಗೆ ಆ ಭಾಗ್ಯವಿಲ್ಲ. ಅವು ಇರುವುದು ಈ ಒಂದು ಹಸ್ತಪ್ರತಿಯಲ್ಲಿ ಮಾತ್ರ.

ಆಕ್ಸ್‌ಫರ್ಡಿನ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ 1896-97ರ ಚಳಿಗಾಲದಲ್ಲಿ ಇಲ್ಲಿ ಅಗೆತ ಶುರುಮಾಡಿದರು. ಅವರು ಅಗೆದದ್ದು ಗುಡಿಯನ್ನೂ ಅಲ್ಲ, ಗೋರಿಯನ್ನೂ ಅಲ್ಲ, ಊರಿನ ಕಸದ ದಿಬ್ಬಗಳನ್ನು. ಮಳೆಯೇ ಇಲ್ಲದ ಆ ನೆಲದಲ್ಲಿ ತೆರಿಗೆ ರಸೀದಿ, ಸಾಲಪತ್ರ, ಮನೆಗೆ ಬರೆದ ಕಾಗದ, ಹರಿದ ಕಾವ್ಯ ಎಲ್ಲವೂ ಕೊಳೆಯದೆ ಉಳಿದಿದ್ದವು. ಅವುಗಳ ಪ್ರಕಟಣೆ ಇಂದಿಗೂ ಮುಗಿದಿಲ್ಲ. 80ಕ್ಕೂ ಹೆಚ್ಚು ಸಂಪುಟಗಳಾಗಿವೆ. ನಮ್ಮ ಪ್ರಹಸನ ಅಚ್ಚಾದದ್ದು 1903ರ ಮೂರನೆಯ ಸಂಪುಟದಲ್ಲಿ. ಮೂಲ ಹಾಳೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಅದು ಸಾಹಿತ್ಯಾಸಕ್ತರು ಓದಲು ಇಟ್ಟುಕೊಂಡ ಪ್ರತಿಯಲ್ಲ, ನಾಟಕದವರ ಕೆಲಸದ ಪ್ರತಿ. ಪಾತ್ರಗಳಿಗೆ ಪೂರ್ತಿ ಹೆಸರಿಲ್ಲ, ಅಕ್ಷರಗಳ ಗುರುತು: ಒಂದನೆಯ ಅಕ್ಷರ ಖರಿತಿಯೋನ್, ಎರಡನೆಯದು ವಿದೂಷಕ, ಮೂರನೆಯದು ಅವಳ ಅಣ್ಣ, ನಾಲ್ಕನೆಯದು ಹಡಗಿನ ನಾಯಕ. ಎಲ್ಲಿ ಚರ್ಮವಾದ್ಯ ಬಾರಿಸಬೇಕು, ಎಲ್ಲಿ ಜೋರಾಗಿ, ಎಲ್ಲಿ ಎಷ್ಟು ಪೆಟ್ಟು ಎಂಬ ಸೂಚನೆಗಳು ಮಾತಿನ ನಡುವೆಯೇ ಇವೆ. ಯಕ್ಷಗಾನ ಭಾಗವತರ ಪ್ರಸಂಗ ಪುಸ್ತಕದ ಅಂಚಿನಲ್ಲಿ ಚೆಂಡೆಯವರಿಗೆಂದು ಗೀಚಿದ ಗುರುತುಗಳನ್ನು ಕಂಡವರಿಗೆ ಈ ಹಾಳೆ ಪರಿಚಿತವೆನಿಸುತ್ತದೆ. ವಿದೂಷಕ ಹೂಸು ಬಿಡಬೇಕಾದ ಜಾಗಗಳಿಗೂ ಇದರಲ್ಲಿ ಪ್ರತ್ಯೇಕ ಸಂಕೇತವಿದೆ. ಶತ್ರುಗಳನ್ನು ಓಡಿಸುವ ಅವನ ಆಯುಧವೇ ಅದು. ಆ ಶಕ್ತಿಯನ್ನು ಅವನು ದೇವತೆಯೆಂದು ಕರೆದು ಪ್ರಾರ್ಥಿಸುತ್ತಾನೆ ಕೂಡ.

ಕಥೆ ಹೊಸದಲ್ಲ. ಯೂರಿಪಿಡೀಸನ ದುರಂತ ನಾಟಕದಲ್ಲಿ ಇಫಿಜೀನಿಯ ಎಂಬ ಗ್ರೀಕ್ ಹೆಣ್ಣು ದೂರದ ತೌರಿಸ್ ದೇಶದ ಗುಡಿಯಲ್ಲಿ ಸಿಕ್ಕಿಬಿದ್ದಿರುತ್ತಾಳೆ, ತಮ್ಮ ಬಂದು ಬಿಡಿಸುತ್ತಾನೆ. ಪ್ರಹಸನಕಾರ ಅದನ್ನು ಎತ್ತಿಕೊಂಡು ಭಾರತದ ಕಡಲಂಚಿಗೆ ತಂದು ನಗೆಯಾಟ ಮಾಡಿದ್ದಾನೆ. ಇಲ್ಲಿ ಗುಡಿ ಚಂದ್ರದೇವತೆ ಸೆಲೀನೆಯದು. ಖರಿತಿಯೋನಳ ಅಣ್ಣ ಹಡಗು ತಂದು ದಡದಲ್ಲಿ ನಿಲ್ಲಿಸಿದ್ದಾನೆ. ಬಿಲ್ಲು ಹಿಡಿದ ಸ್ಥಳೀಯ ಹೆಂಗಸರು ಬೇಟೆಯಿಂದ ಮರಳಿ ವಿದೂಷಕನನ್ನು ಹೆದರಿಸುತ್ತಾರೆ. ವಿದೂಷಕನಿಗೆ ಗುಡಿಯ ಕಾಣಿಕೆ ಕದಿಯುವ ಆಸೆ. ದೇವರ ಸೊತ್ತು ಮುಟ್ಟಬಾರದೆಂದು ಖರಿತಿಯೋನ್ ತಡೆಯುತ್ತಾಳೆ. ಕೊನೆಗೆ ಅರಸನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಿಮದ್ಯ ಕುಡಿಸುತ್ತಾರೆ. ಈ ನಾಡಿನಲ್ಲಿ ಆ ಮದ್ಯ ಮಾರಾಟಕ್ಕಿಲ್ಲ, ಆದ್ದರಿಂದ ಅಭ್ಯಾಸವಿಲ್ಲದ ಜನ ಆಸೆಗೆ ಬಿದ್ದು ಹಾಗೆಯೇ ಕುಡಿಯುತ್ತಾರೆ ಎಂಬುದು ಅವರ ಲೆಕ್ಕ. ಅರಸ ಅಮಲೇರಿ ಕುಣಿಯುತ್ತಾನೆ, ಹಾಡುತ್ತಾನೆ. ಅವನನ್ನು ಗುಡಿಯ ಪಟ್ಟಿಗಳಿಂದಲೇ ಕಟ್ಟಿಹಾಕಿ ಎಲ್ಲರೂ ಹಡಗು ಹತ್ತುತ್ತಾರೆ. ದೇಶ ಭಾರತವೇ ಎಂಬುದಕ್ಕೆ ಊಹೆ ಬೇಕಿಲ್ಲ. ಕುಡಿದ ಅರಸ ಇದ್ದಕ್ಕಿದ್ದಂತೆ ಗ್ರೀಕಿನಲ್ಲೇ ಪದ್ಯ ಹಾಡುವಾಗ ‘ಇಂಡಿಯ’ದವರ ನಾಯಕರ ಹೆಸರೆತ್ತುತ್ತಾನೆ.

ಮದ್ಯದ ಈ ವಿವರ ಸುಮ್ಮನೆ ಕಟ್ಟಿದ್ದಲ್ಲ. ಒಂದನೆಯ ಶತಮಾನದಲ್ಲಿ ಈಜಿಪ್ಟಿನ ಗ್ರೀಕ್ ವರ್ತಕನೊಬ್ಬ ಬರೆದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಭಾರತದ ನೈಋತ್ಯ ಕರಾವಳಿಗೆ ಬರುವ ಸರಕಿನ ಪಟ್ಟಿಯಲ್ಲಿ ಮದ್ಯವನ್ನೂ ಸೇರಿಸಿ, ಹೆಚ್ಚಿಲ್ಲ ಎಂದು ಷರಾ ಹಾಕಿದೆ. ಕೆಂಪು ಸಮುದ್ರದ ಬೆರೆನೀಕೆ ಮತ್ತು ಮಿಯೋಸ್ ಹಾರ್ಮೋಸ್ ಬಂದರುಗಳಿಂದ ಹೊರಟ ಹಡಗುಗಳು ಮುಂಗಾರಿನ ಗಾಳಿ ಹಿಡಿದು ಈ ಕಡೆಗೆ ಬರುತ್ತಿದ್ದವು. ಬೆರೆನೀಕೆಯ ಅಗೆತದಲ್ಲಿ ಭಾರತದ ಮಡಕೆಯೊಂದರೊಳಗೆ ಏಳು ಕಿಲೋ ಮೀರಿದ ಕರಿಮೆಣಸು ಸಿಕ್ಕಿದೆ. ಆ ಎರಡೂ ಬಂದರುಗಳಲ್ಲಿ ತಮಿಳು-ಬ್ರಾಹ್ಮಿ ಅಕ್ಷರಗಳ ಬೋಕಿಚೂರುಗಳು ದೊರೆತಿವೆ. ಇತ್ತ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಸುಮಾರು ಕ್ರಿ.ಶ. 150ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿಗೆ ಬನವಾಸಿಯ ಹೆಸರು ಗೊತ್ತಿತ್ತು. ಅವನು ಹೇಳುವ ‘ಒಲೊಖೊಯಿರ’ವನ್ನು ಕರಾವಳಿಯನ್ನಾಳಿದ ಆಳುಪರ ನಾಡಾದ ಆಳ್ವಖೇಡವೆಂದು ಗುರುತಿಸುವ ಚರಿತ್ರಕಾರರಿದ್ದಾರೆ. ಆಕ್ಸಿರಿಂಕಸ್ಸಿನ ಪ್ರೇಕ್ಷಕರ ನಡುವೆ ಭಾರತದ ದಡ ಕಂಡುಬಂದ ನಾವಿಕ ಇದ್ದಿರಲು ಯಾವ ಅಡ್ಡಿಯೂ ಇಲ್ಲ.

ಇನ್ನು ಮಾತಿಗೆ ಬರೋಣ. ಎಲ್ಲ ಗ್ರೀಕ್ ಪಪೈರಸ್‌ಗಳಂತೆ ಇಲ್ಲಿಯೂ ಪದಗಳ ನಡುವೆ ತೆರಪಿಲ್ಲ. ಗ್ರೀಕ್ ಭಾಗವನ್ನು ಕತ್ತರಿಸುವುದು ಸುಲಭ, ಭಾಷೆ ಗೊತ್ತಿದೆ. ಅರಸನ ಮಾತನ್ನು ಎಲ್ಲಿ ಕತ್ತರಿಸಬೇಕೆಂಬುದು ಮೊದಲ ತೊಡಕು. ಪ್ರಹಸನಕಾರ ಅಲ್ಲಲ್ಲಿ ಒಂದು ಕೈ ಸಹಾಯ ಮಾಡಿದ್ದಾನೆ: ‘ಇವರೇನು ಹೇಳುತ್ತಿದ್ದಾರೆ?’ ಎಂದು ವಿದೂಷಕ ಕೇಳುತ್ತಾನೆ, ಪಕ್ಕದಿಂದ ಉತ್ತರ ಬರುತ್ತದೆ. ಅರಸ ‘ಬ್ರಥಿಸ್’ ಎಂದಾಗ, ಪಾಲಿಗಾಗಿ ಚೀಟಿ ಎತ್ತೋಣ ಎನ್ನುತ್ತಿದ್ದಾನೆ ಎಂಬ ವಿವರಣೆ. ‘ಝೋಪಿತ್’ ಎಂದಾಗ ಹಡಗಿನ ನಾಯಕನ ಉತ್ತರ, ‘ಬೇಗ ಕುಡಿಯಲು ಕೊಡು’. ‘ಕೊತ್ತೋಸ್’ ಎಂದು ಅರಸನ ಮಾತು ಮುಗಿದರೆ ವಿದೂಷಕನಿಗೆ ಅರ್ಥವೇ ಬೇಡ. ಆ ಕೊತ್ತೋಸನೇ ನಿಮ್ಮನ್ನು ಒದೆಯಲಿ ಎಂದು ಶಪಿಸುತ್ತಾನೆ. ಹರಕು ಕಿವಿಯಲ್ಲಿ ಪರಭಾಷೆ ಕೇಳಿ ಹುಟ್ಟುವ ನಗೆ ಇದು, ಇಂದಿನ ನಾಟಕ ತಂಡಗಳಿಗೂ ಇದರಿಂದ ಹೊಟ್ಟೆ ತುಂಬುತ್ತದೆ.

1904ರಲ್ಲಿ ಇದನ್ನು ಕನ್ನಡವೆಂದು ಸೂಚಿಸಿದವರು ಓಯ್ಗೆನ್ ಹುಲ್ಷ್. ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿ 1886ರಿಂದ 1903ರವರೆಗೆ ದಕ್ಷಿಣ ಭಾರತದ ಶಾಸನಗಳನ್ನು ಓದಿ, ಅಚ್ಚುಮಾಡಿಸಿ, ಜರ್ಮನಿಯ ಹಾಲೆ ವಿಶ್ವವಿದ್ಯಾಲಯಕ್ಕೆ ಆಗಷ್ಟೇ ಹೋಗಿದ್ದ ಪಂಡಿತರು. ಕಾಪುವಿನಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ ಸಿಗುವ ಉದ್ಯಾವರದ ಆಳುಪ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿ ಕೊಟ್ಟವರೂ ಅವರೇ. ಹೀಗಾಗಿ ಅವರ ಮಾತನ್ನು ಹವ್ಯಾಸಿಯ ಊಹೆಯೆಂದು ತಳ್ಳುವಂತಿರಲಿಲ್ಲ. ಬ್ರಿಟನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಮತ್ತು ಜರ್ಮನಿಯ ‘ಹೆರ್ಮೆಸ್’ ಪತ್ರಿಕೆಯಲ್ಲಿ ಅದೇ ವರ್ಷ ಬರೆದರು.

ಅವರ ಕಣ್ಣಿಗೆ ಬಿದ್ದ ಸಾಲನ್ನು ಕನ್ನಡ ಅಕ್ಷರಕ್ಕೆ ಇಳಿಸಿದರೆ ಹೀಗೆ: ‘ಬೆರೇ ಕೊನ್‌ಝೆಯ್ ದಮುನ್ ಪೆತ್ರೆಕಿಯೋ ಪಕ್ತೆಯ್ ಕೊರ್ತಮೆಸ್ ಬೆರೇ ಯಲೆರೋ ದೆಪೋಮೆನ್‌ಝಿ ಪೆತ್ರೆಕಿಯೋ ದಮುತ್ ಕಿನ್‌ಝೇ ಪಕ್ಸೆಯ್’. ಕನ್ನಡದವರ ಕಿವಿ ಮೊದಲ ಪದಕ್ಕೇ ನಿಮಿರುತ್ತದೆ. ಇದನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಓದಲಾಯಿತು. ಸನ್ನಿವೇಶಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅರಸ ಕುಡಿಯಲು ಕೂತಿದ್ದಾನೆ. ಆದರೆ ಪದಗಳನ್ನು ಬಿಡಿಸಿ ನೋಡಬೇಕು. ‘ಬೆರೇ’ಯಿಂದ ಬೇರೆ: ಸಲೀಸು. ‘ಕೊನ್‌ಝೆಯ್’ಯಿಂದ ಕೊಂಚ: ಚಕಾರಕ್ಕೆ ಗ್ರೀಕಿನಲ್ಲಿ ಅಕ್ಷರವಿಲ್ಲ, ಝೀಟಾ ಬಳಸಿರಬಹುದು. ‘ಪೆತ್ರೆಕಿಯೋ’ದಿಂದ ಪಾತ್ರಕ್ಕೆ: ಚತುರ್ಥಿಯ ‘ಕೆ’ ಕಾಣಿಸುತ್ತದೆ, ಆದರೆ ಕೊನೆಯ ‘ಯೋ’ಕಾರಕ್ಕೆ ಕನ್ನಡದಲ್ಲಿ ಜಾಗವಿಲ್ಲ, ಮೊದಲ ಸ್ವರವೂ ಬೇರೆ. ‘ದಮುನ್’ ಎಂಬಲ್ಲಿ ಮಧು ಬೇಕಾದರೆ ದಕಾರ ಮಕಾರಗಳನ್ನು ಅದಲುಬದಲು ಮಾಡಬೇಕು. ಅದು ಒಂದು ಸಲದ ಕೈತಪ್ಪಲ್ಲ, ಮುಂದೆ ‘ದಮುತ್’ ಎಂದು ಮತ್ತೆ ಬರುವಾಗಲೂ ಅದೇ ಕ್ರಮದಲ್ಲಿದೆ. ಮಧು ಎಂದೇ ಅದನ್ನು ಓದಬೇಕೆಂದರೆ ಲಿಪಿಕಾರನ ಮೇಲೆ ಎರಡೆರಡು ಸಲ ತಪ್ಪು ಹೊರಿಸಬೇಕಾಗುತ್ತದೆ.

‘ಪಕ್ತೆಯ್’ ಅಥವಾ ‘ಪಕ್ಸೆಯ್’ಯಿಂದ ಹಾಕಿ ಎಂಬುದು ಮೇಲ್ನೋಟಕ್ಕೆ ದುರ್ಬಲ ಕೊಂಡಿ, ನಿಜದಲ್ಲಿ ಗಮನಿಸತಕ್ಕದ್ದು. ಕನ್ನಡದಲ್ಲಿ ಪದಾದಿಯ ಪಕಾರ ಹಕಾರವಾಗತೊಡಗಿದ್ದು ಸುಮಾರು ಹತ್ತನೆಯ ಶತಮಾನದಿಂದ. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಆಮೇಲೆ. ಎರಡನೆಯ ಶತಮಾನದಲ್ಲಿ ಹಾಕಿ ಎಂಬುದಿದ್ದರೆ ಅದು ಪಕಾರದಿಂದಲೇ ಶುರುವಾಗಬೇಕಿತ್ತು. ಹಾಳೆಯಲ್ಲಿ ಇರುವುದೂ ಪಕಾರವೇ. ಇಷ್ಟಕ್ಕೆ ಕುಣಿಯಬೇಕಿಲ್ಲ, ಏಕೆಂದರೆ ‘ಕ್ತ್’, ‘ಕ್ಸ್’ ಎಂಬ ಒತ್ತುಗಳು ಎಲ್ಲಿಂದ ಬಂದವೆಂದು ಯಾರೂ ಹೇಳಿಲ್ಲ.

ಎರಡನೆಯ ಸಾಲು ಇನ್ನೂ ಹೆಸರುವಾಸಿ. ಅರಸ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ‘ಪನೂಂಬ್ರೇತಿಕತೆಮನೂಅಂಬ್ರೇತೂವೆನಿ’. ಪರಿವಾರ ಅದನ್ನೇ ಒಟ್ಟಾಗಿ ಮರುನುಡಿಯುತ್ತದೆ. ಇದನ್ನು ‘ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು’ ಎಂದು ಬಿಡಿಸಿದರು. ಪಾನಪಾತ್ರೆಯನ್ನು ಬೇರೆಯಾಗಿ ಎತ್ತಿ, ಮುಚ್ಚಿ, ಮಧುವನ್ನು ಬೇರೆಯಾಗಿ ತೆಗೆದುಕೊಳ್ಳುವೆ ಎಂದು ಅರ್ಥ ಕೊಟ್ಟರು. ಕೊನೆಯ ‘ಊವೆನಿ’ ನೋಡಿ. ಗ್ರೀಕಿನಲ್ಲಿ ವಕಾರಕ್ಕೆ ಅಕ್ಷರವಿಲ್ಲದ್ದರಿಂದ ‘ಊ’ ಧ್ವನಿಯ ಜೋಡಿ ಅಕ್ಷರವನ್ನೇ ಅದಕ್ಕೂ ಬಳಸುತ್ತಿದ್ದರು. ಟಾಲೆಮಿ ಬನವಾಸಿಯ ವಕಾರವನ್ನು ಬರೆದದ್ದೂ ಹೀಗೆಯೇ. ಆದ್ದರಿಂದ ‘ಉವೆನಿ’ಯಲ್ಲಿ ಭವಿಷ್ಯತ್ತಿನ ಉತ್ತಮಪುರುಷ ಏಕವಚನ ಕಾಣುವುದು ಕಣ್ಣಿನ ಭ್ರಮೆಯಲ್ಲ. ಅದಕ್ಕಿಂತ ಬಲವಾದ ಅಂಶ ಇನ್ನೊಂದಿದೆ. ಒಂದೇ ವಾಕ್ಯದಲ್ಲಿ ‘ಬ್ರೇತ್’ ಎಂಬ ಗುಂಪು ಎರಡು ಸಲ ಬರುತ್ತದೆ, ಒಮ್ಮೆ ‘ಇ’ ಹತ್ತಿಕೊಂಡು, ಒಮ್ಮೆ ‘ಉವೆನಿ’ ಹತ್ತಿಕೊಂಡು. ಒಂದೇ ಧಾತುವಿನ ಎರಡು ರೂಪಗಳಂತೆ, ‘ಎತ್ತಿ’ ‘ಎತ್ತುವೆನು’ಗಳಂತೆ, ಅವು ನಡೆದುಕೊಳ್ಳುತ್ತವೆ. ಬಾಯಿಗೆ ಬಂದದ್ದು ಬಡಬಡಿಸಿದರೆ ಹೀಗೆ ಪ್ರತ್ಯಯ ಬದಲಾಗುವುದು ಅಪರೂಪ. ಕನ್ನಡವಾದಿಗಳ ಕೈಯಲ್ಲಿರುವ ಒಳ್ಳೆಯ ಸಾಕ್ಷಿ ‘ಬೇರೆ’ ಅಲ್ಲ, ಇದು.

ಆದರೆ ಇದೇ ಸಾಲಿನಲ್ಲಿ ತೊಡಕೂ ಇದೆ. ಅರಸನ ಮಾತು ಸ್ವಲ್ಪ ಮುಂದೆ, ಆರಂಭದಲ್ಲಿ ಮಾತ್ರ ‘ಪನೂಂ’ ಹೋಗಿ ‘ಪರಕೂಂ’ ಆಗಿ, ಉಳಿದದ್ದು ಹಾಗೆಯೇ ಪುನರಾವರ್ತನೆಗೊಳ್ಳುತ್ತದೆ. ‘ಪಾನಂ’ ಎಂಬಲ್ಲಿ ‘ಪರಕಂ’ ಇಟ್ಟರೆ ಅರ್ಥವೇನೆಂದು ಈ ಓದು ಹೇಳಲಾರದು. ಮತ್ತೆ ‘ಪಿಸ್ಕೂಪಿಸ್ಕತೆಮಾನ್’ ಎಂಬುದೊಂದು ಬರುತ್ತದೆ, ಅಲ್ಲಿ ‘ಕತೆಮನ್’ ಒಂದೇ ತುಂಡಾಗಿ ಕಾಣುತ್ತದೆ. ಅದು ಒಂದೇ ಪದವಾದರೆ ‘ಕಟ್ಟಿ’ ಮತ್ತು ‘ಮಧುವಂ’ ಎಂದು ನಡುವೆ ಕತ್ತರಿ ಹಾಕಿದ್ದು ತಪ್ಪಾಗುತ್ತದೆ. ‘ಮನೂ’ವಿನ ನಕಾರ ಧಕಾರವಾಗಬೇಕು ಬೇರೆ. ಮೊದಲ ಸಾಲಿನಲ್ಲಿ ‘ದಮುನ್’ ಮಧು, ಎರಡನೆಯದರಲ್ಲಿ ‘ಮನೂ’ ಮಧು. ಒಂದೇ ಪದಕ್ಕೆ ಒಂದೇ ನಾಟಕದಲ್ಲಿ ಇಷ್ಟು ವೇಷವಾದರೆ ಓದುಗ ಸಂಶಯಪಡದೆ ಇರುವುದು ಹೇಗೆ?

ಮೈಸೂರಿನ ಆರ್. ಶಾಮಶಾಸ್ತ್ರಿ ಈ ವಿಷಯವನ್ನು 1920ರ ದಶಕದಲ್ಲಿ ಕೈಗೆತ್ತಿಕೊಂಡರು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದವರು ಅವರು. ಹುಲ್ಷ್ ಮುಟ್ಟದೆ ಬಿಟ್ಟ ಸಾಲುಗಳಿಗೂ ಅವರು ಕನ್ನಡ ಅರ್ಥ ಹುಡುಕಿದರು. ಕರಾವಳಿಯಲ್ಲಿ ಮಂಜೇಶ್ವರದ ಗೋವಿಂದ ಪೈ ಇದರ ಬೆನ್ನು ಹತ್ತಿದರು. ಅನೇಕ ಭಾಷೆ ಬಲ್ಲ ಅವರಿಗೆ ಇದು ಒಗ್ಗುವ ವಿಷಯವೇ ಆಗಿತ್ತು. ಭಾಸ್ಕರ ಆನಂದ ಸಾಲೆತೂರು 1936ರಲ್ಲಿ ಪ್ರಕಟಿಸಿದ ತುಳುವ ಚರಿತ್ರೆಯಲ್ಲಿ ಪ್ರಹಸನವನ್ನು ತುಳುನಾಡಿನ ಕರಾವಳಿಗೆ ಸಂಬಂಧಿಸಿ ಚರ್ಚಿಸಿದರು. ಕಾರವಾರಕ್ಕೂ ಕಾಞಂಗಾಡಿಗೂ ನಡುವಿನ ಯಾವುದೋ ಸಣ್ಣ ಬಂದರು ಕಥೆಯ ನೆಲೆ ಎಂಬ ಅಭಿಪ್ರಾಯ ಬೆಳೆದದ್ದು ಹೀಗೆ.

ಮಲ್ಪೆಯ ಹೆಸರು ಸೇರಿಕೊಂಡದ್ದು ಅರಸನ ಇನ್ನೊಂದು ಮಾತಿನಿಂದ: ‘ಮಲ್ಪಿನಿಯಕೂರೂಕೂಕೂಬಿ’. ಇದರ ಮೊದಲ ಭಾಗವನ್ನು ‘ಮಲ್ಪೆ ನಾಯಕ’ ಎಂದು ಓದುವವರಿದ್ದಾರೆ. ಕೇಳಲು ಹಿತವಾಗಿದೆ. ಆದರೆ ತುಳು ಬಲ್ಲ ಯಾರಾದರೂ ಅದೇ ಅಕ್ಷರಗಳನ್ನು ‘ಮಲ್ಪಿನಿ’ ಎಂದು, ಅಂದರೆ ಮಾಡುವುದು ಎಂದು, ಕತ್ತರಿಸಿಯಾರು. ಕನ್ನಡದವರು ‘ಊರು’ ಎಂಬುದನ್ನೂ ಅದರಲ್ಲೇ ಹೆಕ್ಕಿಯಾರು. ತೆರಪಿಲ್ಲದ ಬರಹದಲ್ಲಿ ಇದೇ ಅಪಾಯ. ಬೇಕಾದ ಊರಿನ ಹೆಸರು ಮೊದಲೇ ಮನಸ್ಸಿನಲ್ಲಿದ್ದರೆ ಅದು ಹಾಳೆಯಲ್ಲಿ ಸಿಗುತ್ತದೆ. ಸೆಲೀನೆಯ ಗುಡಿಯನ್ನು ಈ ಕರಾವಳಿಯ ಇಂದಿನ ಯಾವುದಾದರೂ ದೇವಿಗುಡಿಗೆ ತಳಕುಹಾಕುವ ಉತ್ಸಾಹಕ್ಕೂ ಇದೇ ಮಾತು. ಕಾಪುವಿನಲ್ಲಿ ಮೂರು ಮಾರಿಗುಡಿಗಳಿವೆ, ಸುಗ್ಗಿ ಮಾರಿಪೂಜೆಗೆ ಊರಿಗೂರೇ ಸೇರುತ್ತದೆ, ಕಡಲಂಚಿನ ಬಂಡೆಯ ಮೇಲೆ 1901ರ ದೀ‍ಪಸ್ತಂಭವೂ ಇದೆ. ಪ್ರಹಸನದ ಚಂದ್ರದೇವತೆಗೂ ಇವುಗಳಿಗೂ ನಂಟು ಕಟ್ಟಲು ಪಪೈರಸ್ಸಿನ ಒಂದಕ್ಷರವೂ ನೆರವಿಗೆ ಬರುವುದಿಲ್ಲ. ಗ್ರೀಕ್ ಮೂಲದ ಕಥೆಯಲ್ಲಿ ಆರ್ಟೆಮಿಸ್ ದೇವತೆ ಇದ್ದ ಜಾಗದಲ್ಲಿ ಚಂದ್ರದೇವತೆ ಬಂದು ಕೂತಿದ್ದಾಳೆ ಅಷ್ಟೆ; ಗ್ರೀಕರಿಗೆ ಆ ಇಬ್ಬರೂ ಹತ್ತಿರದವರು.

ಕನ್ನಡ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1926ರಲ್ಲಿ. ಅದನ್ನು ಕೊಟ್ಟವರು ಬ್ರಿಟಿಷ್ ಮ್ಯೂಸಿಯಮ್ಮಿನ ಲಯೊನೆಲ್ ಬಾರ್ನೆಟ್, ಕನ್ನಡ ಶಾಸನಗಳನ್ನು ಸ್ವತಃ ಸಂಪಾದಿಸಿದವರು. ಈಜಿಪ್ಟ್ ಪುರಾತತ್ವದ ಪತ್ರಿಕೆಯೊಂದರಲ್ಲಿ ಬಂದ ಅವರ ಲೇಖನದ ತಲೆಬರಹವೇ ‘ಕನ್ನಡವೆನ್ನಲಾದ’ ಮಾತುಗಳು ಎಂದಿತ್ತು. ಅವರು ಈ ಓದುಗಳನ್ನು ಒಪ್ಪಲಿಲ್ಲ. ಗ್ರೀಕ್ ನಾಟಕದ ಸಂಪಾದಕರಲ್ಲಿ ಬಹುಪಾಲು ಜನ ಅಲ್ಲಿಂದೀಚೆಗೆ ಬಾರ್ನೆಟ್ ಪಕ್ಷವೇ. 1991ರಲ್ಲಿ ಇಟಲಿಯ ಸ್ತೆಫಾನಿಯಾ ಸಾಂತೇಲಿಯಾ ಇಡೀ ಪ್ರಹಸನವನ್ನು ಮತ್ತೆ ಸಂಪಾದಿಸಿ ಪ್ರತ್ಯೇಕ ಪುಸ್ತಕವಾಗಿ ತಂದರು. ಕನ್ನಡದ ಚರಿತ್ರೆ ಪುಸ್ತಕಗಳಲ್ಲಿ ಮಾತ್ರ ಹುಲ್ಷ್ ಹೇಳಿದ್ದು ಈಗಲೂ ಸಾಬೀತಾದ ಸಂಗತಿಯಂತೆ ಸುತ್ತುತ್ತಿದೆ.

ವಿರೋಧದ ತಿರುಳು ಕಾಲಮಾನ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಸುಮಾರು ಕ್ರಿ.ಶ. 370ಕ್ಕೆ, ಹಲ್ಮಿಡಿ ಶಾಸನವನ್ನು ಸುಮಾರು 450ಕ್ಕೆ ಇಡುತ್ತಾರೆ. ಕರಾವಳಿಯಲ್ಲಿ ಕನ್ನಡ ಕಲ್ಲಿನ ಮೇಲೆ ಕಾಣಿಸುವುದು ಇನ್ನೂ ತಡವಾಗಿ, ಬ್ರಹ್ಮಾವರದ ಬಳಿಯ ವಡ್ಡರ್ಸೆಯಲ್ಲಿ, ಏಳನೆಯ ಶತಮಾನದಲ್ಲಿ. ಉದ್ಯಾವರದವು ಅದರ ನಂತರದವು. ಈ ಶಾಸನಗಳ ಕನ್ನಡಕ್ಕೂ ಇಂದಿನದಕ್ಕೂ ಎಷ್ಟು ದೂರವೆಂದು ಹಲ್ಮಿಡಿಯ ಕಲ್ಲು ನೋಡಿದವರಿಗೆ ಗೊತ್ತು. ಅದಕ್ಕಿಂತ ಮುನ್ನೂರು ವರ್ಷ ಹಳೆಯ ಮಾತು ಇಂದಿನ ಅಂಗಡಿ ಬೀದಿಯ ಕನ್ನಡದಂತೆ ‘ಬೇರೆ ಕೊಂಚ ಪಾತ್ರಕ್ಕೆ ಹಾಕಿ’ ಎಂದು ಕೇಳಿಸಿದರೆ, ಓದಿದವರು ತಮ್ಮ ಕಿವಿಯನ್ನೇ ಓದಿದ್ದಾರೆ ಎಂದು ಅನುಮಾನಿಸಬೇಕು. ‘ಮಧುವಂ’ ಎಂಬ ದ್ವಿತೀಯೆಯ ‘ಅಂ’ ಹಳಗನ್ನಡದ ರೂಪ. ಅದರ ಪಕ್ಕದಲ್ಲೇ ನಿಂತ ‘ಎತ್ತುವೆನು’ವಿನ ಕೊನೆಯ ಉಕಾರ ನಡುಗನ್ನಡದ್ದು, ಹಳಗನ್ನಡದಲ್ಲಿ ಅದು ‘ಎತ್ತುವೆಂ’ ಎಂದಿರಬೇಕು. ಒಂದೇ ವಾಕ್ಯದಲ್ಲಿ ಇವೆರಡು ಜೊತೆಯಾದದ್ದು ಪಪೈರಸ್ಸಿನಲ್ಲಲ್ಲ, ಇಪ್ಪತ್ತನೆಯ ಶತಮಾನದ ಓದಿನಲ್ಲಿ. ಹಾಳೆಯಲ್ಲಿರುವ ‘ಎನಿ’ ಇವೆರಡೂ ಅಲ್ಲ.

ತುಳು ವಿದ್ವಾಂಸರಿಗೆ ಇನ್ನೊಂದು ಪ್ರಶ್ನೆ ಸಹಜವಾಗಿ ಹುಟ್ಟಿತು. ಕಥೆ ಮಲ್ಪೆಯ ಸುತ್ತಿನದೇ ಆದರೆ ಜನ ಆಡಿದ್ದು ಕನ್ನಡವೇಕೆ, ತುಳುವೇ ಇರಬೇಕಲ್ಲ? ಈ ವಾದವನ್ನು ಪರೀಕ್ಷಿಸಲು ಬೇಕಾದ ಸಾಧನ ಉಡುಪಿಯಲ್ಲೇ ಸಿದ್ಧವಾಗಿದೆ. ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತಯಾರಾದ ತುಳು ನಿಘಂಟು 1988ರಿಂದ 1997ರೊಳಗೆ ಆರು ಸಂಪುಟಗಳಲ್ಲಿ ಹೊರಬಂತು, ಊರೂರಿನ ಮತ್ತು ಸಮುದಾಯಗಳ ರೂಪಭೇದಗಳೊಂದಿಗೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಮೊದಲ ಸಾಲನ್ನು ತುಳುವಿಗೆ ತಿರುಗಿಸಿ ನೋಡಬಹುದು. ಬೇರೆ ಎನ್ನಲು ತುಳುವಿನಲ್ಲಿ ‘ಬೇತೆ’. ಕೊಂಚ ಎನ್ನಲು ‘ಒಂತೆ’. ಹಾಕು ಎನ್ನಲು ‘ಪಾಡ್’. ಪಕಾರವೇನೋ ಉಳಿದಿದೆ, ಆದರೆ ‘ಪಕ್ತೆಯ್’ಯ ಕಕಾರ ಎಲ್ಲೂ ಇಲ್ಲ. ಕುಡಿಯುವುದಕ್ಕೆ ‘ಪರ್’, ಕಳ್ಳಿಗೆ ‘ಕಲಿ’. ಅಂದರೆ ಕನ್ನಡದವರ ಕಿವಿಗೆ ಮೊದಲು ಬಿದ್ದ ಪದಗಳೇ ತುಳುವಿನಲ್ಲಿ ಕೈಕೊಡುತ್ತವೆ. ತುಳುವೆಂದು ಹೇಳಬೇಕಾದರೆ ಹುಲ್ಷರ ಓದನ್ನು ಪೂರ್ತಿ ಬಿಟ್ಟು ಹೊಸದಾಗಿ ಕತ್ತರಿಸಬೇಕು. ಕನ್ನಡದ ಓದನ್ನು ಉಳಿಸಿಕೊಂಡು ಭಾಷೆಯ ಹೆಸರನ್ನು ಮಾತ್ರ ತುಳು ಎಂದು ಬದಲಿಸಲಾಗದು. ಇನ್ನೊಂದು ಮಾತು: ‘ಬೇಗ ಕುಡಿಯಲು ಕೊಡು’ ಎಂಬ ಅರ್ಥವನ್ನು ನಾಟಕವೇ ಕೊಟ್ಟಿರುವ ‘ಝೋಪಿತ್’ ಪದಕ್ಕೆ ಕನ್ನಡದ ‘ಕುಡಿ’ಯೂ ಹೊಂದುವುದಿಲ್ಲ, ತುಳುವಿನ ‘ಪರ್’ ಕೂಡ ಹೊಂದುವುದಿಲ್ಲ. ಅರ್ಥ ಗೊತ್ತಿರುವ ಪದದಲ್ಲೇ ಸೋತರೆ, ಅರ್ಥ ಗೊತ್ತಿಲ್ಲದ ಪದಗಳಲ್ಲಿ ಗೆದ್ದದ್ದಕ್ಕೆ ಬೆಲೆ ಕಡಿಮೆ.

ಹಾಗಾದರೆ ಎಲ್ಲವೂ ಬಡಬಡಿಕೆಯೇ? ಗ್ರೀಕ್ ಮತ್ತು ರೋಮನ್ ರಂಗಭೂಮಿಯಲ್ಲಿ ಎರಡಕ್ಕೂ ಉದಾಹರಣೆ ಇದೆ. ಅರಿಸ್ಟೋಫನೀಸನ ಕ್ರಿ.ಪೂ. 425ರ ‘ಅಖಾರ್ನಿಯನ್ಸ್’ ನಾಟಕದಲ್ಲಿ ಪರ್ಷಿಯದ ರಾಯಭಾರಿ ಆಡುವ ಸಾಲು ಪರ್ಷಿಯನ್ನಿನಂತೆ ಕೇಳಿಸುವ ಕಲಸುಮೇಲೋಗರ. ಅದರಿಂದ ಅರ್ಥ ಹಿಂಡಲು ಹೋದವರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಪ್ಲೌಟಸನ ಲ್ಯಾಟಿನ್ ಪ್ರಹಸನ ‘ಪೊಯಿನುಲುಸ್’ನಲ್ಲಿ ಕಾರ್ಥೇಜಿನ ಮುದುಕ ಹನ್ನೋ ಆಡುವ ಮಾತಾದರೋ ನಿಜವಾದ ಪ್ಯೂನಿಕ್ ಭಾಷೆ. ನಕಲು ಮಾಡಿದ ಲಿಪಿಕಾರರಿಗೆ ಆ ಭಾಷೆ ಬಾರದೆ ಅದು ಎಷ್ಟು ಕೆಟ್ಟಿದ್ದರೂ ಸೆಮಿಟಿಕ್ ಭಾಷೆ ಬಲ್ಲವರು ಅದನ್ನು ಬಿಡಿಸಿದ್ದಾರೆ. ಅವರಿಗೆ ಅದು ಸಾಧ್ಯವಾದದ್ದು ಹೀಬ್ರೂ ಗೊತ್ತಿದ್ದರಿಂದ, ಪ್ಯೂನಿಕ್ ಶಾಸನಗಳು ಬೇಕಾದಷ್ಟು ಸಿಕ್ಕಿದ್ದರಿಂದ, ಮತ್ತು ಪ್ಲೌಟಸ್ ಅದೇ ಮಾತಿನ ಲ್ಯಾಟಿನ್ ರೂಪವನ್ನೂ ಪಕ್ಕದಲ್ಲೇ ಕೊಟ್ಟಿದ್ದರಿಂದ. ನಮ್ಮ ಪ್ರಹಸನಕ್ಕೆ ಆ ಕಾಲದ ಕನ್ನಡ ಶಾಸನವೂ ಇಲ್ಲ, ತುಳುವಿನದೂ ಇಲ್ಲ. ದ್ರಾವಿಡ ಭಾಷೆಗಳನ್ನು ಹೋಲಿಸಿ ಕಟ್ಟಿದ ಪ್ರಾಚೀನ ರೂಪಗಳೊಂದಿಗೆ ಈ ಸಾಲುಗಳನ್ನು ಇಟ್ಟು ನೋಡುವ ಕೆಲಸ ಹುಲ್ಷರ ಕಾಲದಲ್ಲಿ ಆಗುವಂತಿರಲಿಲ್ಲ. ದ್ರಾವಿಡ ವ್ಯುತ್ಪತ್ತಿ ನಿಘಂಟು ಬಂದದ್ದೇ 1961ರಲ್ಲಿ. ಆ ದೃಷ್ಟಿಯಿಂದ ನೋಡುವವರು ಹಿಡಿಯಬೇಕಾದ ಎಳೆ ‘ಬ್ರೇತಿ’, ‘ಬ್ರೇತುವೆನಿ’ಗಳ ಜೋಡಿ. ಬೇರೆ, ಕೊಂಚಗಳನ್ನು ಬದಿಗಿಡುವುದೇ ಲೇಸು.

ಹಾಳೆಯ ಹಿಂಬದಿಯನ್ನೂ ಮರೆಯುವಂತಿಲ್ಲ. ಅಲ್ಲಿ ಇನ್ನೊಂದು ಪ್ರಹಸನವಿದೆ, ಆಳಿನ ಮೇಲೆ ಕಣ್ಣಿಟ್ಟ ಯಜಮಾನಿಯೊಬ್ಬಳ ಕಥೆ. ಅದರ ಜೊತೆಗೆ, ಮುಂಬದಿಯ ಖರಿತಿಯೋನ್ ಪ್ರಹಸನದ ಒಂದು ತುಣುಕನ್ನು ಯಾರೋ ಬೇರೆ ರೀತಿಯಲ್ಲಿ ತಿದ್ದಿ ಬರೆದಿದ್ದಾರೆ, ಬೇಟೆಗಾತಿಯರು ಬರುವ ಸುತ್ತಿನ ಕೆಲವು ಸಾಲುಗಳನ್ನು. ನಾಟಕದವರು ಆಟ ಆಡುತ್ತಾ ಆಡುತ್ತಾ ಮಾತನ್ನು ಬದಲಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಗ್ರೀಕ್ ಸಾಲುಗಳನ್ನೇ ಹೀಗೆ ತಿದ್ದುತ್ತಿದ್ದವರ ಬಾಯಲ್ಲಿ, ಅರ್ಥವೇ ಗೊತ್ತಿಲ್ಲದ ಪರದೇಶದ ಮಾತು, ಅದು ಮೊದಲಿಗೆ ಯಾವ ಬಂದರಿನಿಂದಲೇ ಬಂದಿರಲಿ, ಎಷ್ಟು ಆಟಗಳ ನಂತರ ಈ ಪ್ರತಿಗೆ ಇಳಿಯಿತೆಂದು ಲೆಕ್ಕಹಾಕಿಯೇ ‘ದಮುನ್’ ಮಧುವೋ ಅಲ್ಲವೋ ಎಂದು ಚರ್ಚಿಸಬೇಕಾಗುತ್ತದೆ.